ಚಂದ್ರಭಾಗಾ ಅತ್ತೆಯ ಭೋಜನದಾನ

ಚಂದ್ರಭಾಗಾ ಅತ್ತೆಗೆ ಮೆಲ್ಲಗೆ ಮಾತಾಡುವುದು ಬರುತ್ತಿರಲಿಲ್ಲ. ಭಿವಂಡಿಯ ಯಂತ್ರಮಗ್ಗದ ಶೆಡ್ಡಿನಲ್ಲಿ ವರ್ಷಾನುಗಟ್ಟಲೆ ನೂಲು ಸುತ್ತಿದವಳು ಅವಳು. ಅಲ್ಲಿ ಪಕ್ಕದಲ್ಲಿ ಕೂತವಳ ಹತ್ತಿರ ನೀರು ಕೇಳಬೇಕಾದರೂ ಕೂಗಬೇಕಿತ್ತಂತೆ. ಕೆಲಸ ಬಿಟ್ಟರೂ ದನಿ ಇಳಿಯಲಿಲ್ಲ. ಲೋಕಲ್ ಟ್ರೇನಿನಲ್ಲಿ ನನ್ನ ಕಿವಿಗೆ ಬಾಯಿಟ್ಟು ಅವಳು ಗುಟ್ಟು ಹೇಳಿದರೆ ಡಬ್ಬಿಯ ಆ ತುದಿಯಲ್ಲಿ ಕೂತ ಹೆಂಗಸರು ತಿರುಗಿ ನೋಡುತ್ತಿದ್ದರು. ಮೊದಲಿನಿಂದಲೂ ಕಡಿಮೆ ಮಾತಿನವಳಾದ ನಾನು ಕಿಟಕಿಯಾಚೆ ನೋಡುತ್ತ, ಅವಳು ನನ್ನ ಜೊತೆಗಿಲ್ಲವೆಂಬಂತೆ ಕೂರುತ್ತಿದ್ದೆ.

ಅವಳು ಅಪ್ಪನ ಅಕ್ಕ. ಕಲಬುರಗಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಭಿವಂಡಿಗೆ ಹತ್ತಿರದ ಕಲ್ಯಾಣಕ್ಕೆ ಬಂದವಳು, ಎರಡೇ ವರ್ಷಕ್ಕೆ ತಮ್ಮನನ್ನೂ ಕರೆಸಿಕೊಂಡು ಓದಿಸಿದಳು. ಮಾವ ಬೇಗ ಹೋದರು. ಮಕ್ಕಳಿರಲಿಲ್ಲ. ಕಲ್ಯಾಣ ಪೂರ್ವದಲ್ಲಿ, ಸಾಲು ಕೋಣೆಗಳ ಚಾಳೊಂದರ ಎರಡನೇ ಮಾಳಿಗೆಯ ಒಂದು ಕೋಣೆ ಅವಳ ಮನೆ. ಮೇ ರಜೆ ಬಂತೆಂದರೆ ನಾನು, ಡೋಂಬಿವಲಿಯ ಚಿಕ್ಕಪ್ಪನ ಮಕ್ಕಳು, ಎಲ್ಲರೂ ಆ ಕೋಣೆಗೆ ಹೋಗಿ ಸೇರುತ್ತಿದ್ದೆವು. ಹೋದ ಮರುದಿನವೇ ನಮಗೆ ಕೆಲಸ ಹಚ್ಚುತ್ತಿದ್ದಳು. ಬುದ್ಧಪೂರ್ಣಿಮೆಗೆ ಅವಳ ಮನೆಯಲ್ಲಿ ಭಂತೇಜಿಗಳ ಭೋಜನದಾನ ಇರುತ್ತಿತ್ತು. ವಿಹಾರದಿಂದ ಇಬ್ಬರೋ ಮೂವರೋ ಭಿಕ್ಕುಗಳು ಬಂದು, ಮಂಚದ ಮೇಲೆ ಹಾಸಿದ ಬಿಳಿ ಹೊದಿಕೆಯ ಮೇಲೆ ಕೂತು, ಮಧ್ಯಾಹ್ನ ಹನ್ನೆರಡರೊಳಗೆ ಊಟ ಮುಗಿಸುತ್ತಿದ್ದರು. ಅದಾದ ಮೇಲೆ ಮರುದಿನದವರೆಗೆ ಅವರು ಏನೂ ತಿನ್ನುವಂತಿಲ್ಲ.

ಆ ಊಟಕ್ಕೆ ಒಂದು ವಾರದ ತಯಾರಿ. ನಾವು ಮಕ್ಕಳು ಜೋಳ ಹಸನು ಮಾಡಬೇಕು. ನಾವು ಮಾಡಿದ್ದನ್ನು ಅವಳು ಕನ್ನಡಕ ಹಾಕಿಕೊಂಡು ಮತ್ತೆ ನೋಡುತ್ತಿದ್ದಳು. ಚಾಳಿನ ಬೇರೆ ಮನೆಗಳಲ್ಲಿ ಭಂತೇಜಿಗಳಿಗೆ ಪೂರಿ, ಶ್ರೀಖಂಡ. ಅತ್ತೆಯ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆ, ಶೇಂಗಾ ಹಿಂಡಿ, ಕೊನೆಗೊಂದು ಬಟ್ಟಲು ಖೀರು. ಪೂರಿ ತಿಂದು ತಿಂದು ಅವರು ದಣಿದಿರುತ್ತಾರೆ ಎಂಬುದು ಅವಳ ವಾದ. “ದಾನ ಅಂದ್ರ ಉಳಿದದ್ದು ಕೊಡೋದಲ್ಲವ್ವಾ, ಮೊದಲು ತೆಗೆದದ್ದು ಕೊಡೋದು” ಎನ್ನುತ್ತಿದ್ದಳು. ಹಾಗಾಗಿ ಭಂತೇಜಿಗಳ ಊಟ ಆಗುವವರೆಗೆ ಅಡುಗೆಯ ರುಚಿಯನ್ನು ಯಾರೂ ನೋಡುವಂತಿರಲಿಲ್ಲ, ಅವಳೂ ಸಹ.

ಈ ನಿಯಮ ಒಂದು ವರ್ಷ ಕೈಕೊಟ್ಟಿತು. ನಾನು ಆರನೆಯ ಇಯತ್ತೆ ಮುಗಿಸಿದ್ದ ಬೇಸಿಗೆ. ಹಿರಿಯ ಭಂತೇಜಿ ಎರಡು ರೊಟ್ಟಿ, ಮೂರು ಸೌಟು ಬೇಳೆ ಉಂಡು, ಪಾಲಿಯಲ್ಲಿ ಆಶೀರ್ವಾದದ ಸೂತ್ರ ಹೇಳಿ ಹೋದರು. ಆಮೇಲೆ ನಾವು ತಟ್ಟೆ ಹಾಕಿಕೊಂಡು ಕೂತೆವು. ಮೊದಲ ತುತ್ತಿಗೇ ಎಲ್ಲರೂ ಮುಖ ಮುಖ ನೋಡಿಕೊಂಡೆವು. ಬೇಳೆಗೆ ಉಪ್ಪೇ ಬಿದ್ದಿರಲಿಲ್ಲ. ಬೇರೆಯವರಾಗಿದ್ದರೆ ನಾಚಿ ಸುಮ್ಮನಾಗುತ್ತಿದ್ದರೇನೋ. ಅತ್ತೆ ಮರುದಿನ ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು ವಿಹಾರಕ್ಕೇ ಹೋಗಿ, ಅಂಗಳದಲ್ಲಿ ಕಸ ಗುಡಿಸುತ್ತಿದ್ದ ಅದೇ ಭಂತೇಜಿಯನ್ನು ತನ್ನ ಕಲ್ಯಾಣದ ಮರಾಠಿಯಲ್ಲಿ ವಿಚಾರಿಸಿದಳು: ಉಪ್ಪಿಲ್ಲ ಎಂದು ಒಂದು ಮಾತು ಹೇಳಬಾರದಿತ್ತೇ? ಭಿಕ್ಕುವಾದವನು ಕೊಟ್ಟದ್ದನ್ನು ಉಣ್ಣಬೇಕು, ಇದು ಬೇಕು ಅದು ಬೇಕು ಎಂದು ಕೇಳಬಾರದು ಎಂದರು ಅವರು ನಗುತ್ತ. ಅತ್ತೆ ಒಪ್ಪಲಿಲ್ಲ. ಮುಂದಿನ ವರ್ಷದಿಂದ ಉಪ್ಪಿನ ಬಟ್ಟಲನ್ನೂ ಎರಡೂ ಕೈಯಿಂದ ಎತ್ತಿ ಮೊದಲು ದಾನ ಮಾಡಿಬಿಡುತ್ತಿದ್ದಳು. ಕೇಳುವ ಪ್ರಸಂಗವೇ ಬರದಿರಲಿ ಎಂದು.

ಆ ದಿನ ಅವಳ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು. ಗ್ಯಾಲರಿಯಲ್ಲಿ ಚಾಳಿನ ಹೆಂಗಸರು, ಮಕ್ಕಳು. ಭಂತೇಜಿಗಳು ಓಣಿಯ ಬಾಯಿಂದ ಬರಿಗಾಲಲ್ಲಿ ನಡೆದುಬರುವಾಗ ಅತ್ತೆ ಬಿಳಿ ಸೀರೆಯುಟ್ಟು ಮುಂದೆ ಮುಂದೆ ‘ಬುದ್ಧಂ ಸರಣಂ ಗಚ್ಛಾಮಿ’ ಎಂದು ತ್ರಿಶರಣ ಹೇಳುತ್ತ ಬರುತ್ತಿದ್ದಳು. ಅವಳ ದನಿ ಕೇಳಿಯೇ ಮೇಲಿನ ಮಾಳಿಗೆಯವರಿಗೆ ಅವರು ಬಂದದ್ದು ಗೊತ್ತಾಗುತ್ತಿತ್ತು.

ನಾನು ಎಂ.ಎ. ಮುಗಿಸಿ ಬೇಲಾಪುರದ ಖಾಸಗಿ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರುವಷ್ಟರಲ್ಲಿ ಅವಳ ಮೊಣಕಾಲು ಕೆಟ್ಟಿತ್ತು. ಮಾಳಿಗೆ ಹತ್ತಿಳಿದು ಅಷ್ಟು ಅಡುಗೆಗೆ ನೀರು ಹೊಂದಿಸುವುದು ಆಗುತ್ತಿರಲಿಲ್ಲ. ಹೋದ ವರ್ಷದ ಹಿಂದಿನ ವರ್ಷ, ಈ ಸಲದ ಭೋಜನದಾನ ನಮ್ಮ ಮನೆಯಲ್ಲೇ ಆಗಲಿ ಎಂದು ಅಪ್ಪ ತಾವೇ ಹೇಳಿದರು. ನಮ್ಮದು ಘೋಡಬಂದರ್ ರಸ್ತೆಯ ಸೊಸೈಟಿಯಲ್ಲಿ ಹನ್ನೊಂದನೆಯ ಮಹಡಿಯ ಫ್ಲ್ಯಾಟು. ಅತ್ತೆ ನಾಲ್ಕು ದಿನ ಮೊದಲೇ ಜೋಳದ ಹಿಟ್ಟು, ಹಂಚು, ಪುಂಡಿಸೊಪ್ಪಿನ ಸಿವುಡು ಹಿಡಿದುಕೊಂಡು ಬಂದಿಳಿದಳು.

ಆ ಸೊಸೈಟಿಯಲ್ಲಿ ನಾವು ಯಾರೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಎದುರು ಮನೆಯ ಪ್ರಭಾ ಆಂಟಿ ಉಡುಪಿಯವರು, ಅವರ ಮನೆಯವರದು ಹೋಟೆಲು. ನಾವು ಬಂದ ಹೊಸದರಲ್ಲಿ ಕನ್ನಡದವರು ಸಿಕ್ಕರೆಂದು ಸಂತೋಷದಿಂದ ಊರು ಕೇರಿ ಕೇಳಿದ್ದರು. ಅಪ್ಪ ಕಲಬುರಗಿ ಎಂದು ಹೇಳಿ ಅಲ್ಲಿಗೇ ಮಾತು ಮುಗಿಸಿದ್ದರು. ನಾನೂ ಹಾಗೆಯೇ. ಬುದ್ಧಪೂರ್ಣಿಮೆಗೆ ಕಚೇರಿಯಲ್ಲಿ ಕೊಡುವ ರಜೆಯ ಅರ್ಜಿಯಲ್ಲಿ ‘ಮನೆ ಕೆಲಸ’ ಎಂದಷ್ಟೇ ಬರೆಯುತ್ತಿದ್ದೆ. ಅದನ್ನು ನಾವು ಮುಚ್ಚಿಡುವುದು ಎಂದುಕೊಂಡಿರಲಿಲ್ಲ. ನಮ್ಮ ಪಾಡಿಗೆ ನಾವಿರುವುದು ಎಂದುಕೊಂಡಿದ್ದೆವು.

ಪೂರ್ಣಿಮೆಯ ಹಿಂದಿನ ಸಂಜೆ ಅತ್ತೆ ಸೊಪ್ಪು ಬಿಡಿಸುತ್ತ ಕೂತಿದ್ದಾಗ ಅಪ್ಪ ತಮ್ಮ ಯೋಜನೆ ಹೇಳಿದರು. ಭಂತೇಜಿಗಳನ್ನು ತಾವೇ ಕಾರಿನಲ್ಲಿ ಕರೆತರುವುದು, ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಇಳಿಸಿ ಅಲ್ಲಿಂದಲೇ ಲಿಫ್ಟಿನಲ್ಲಿ ಮೇಲೆ ತರುವುದು. ಬಿಸಿಲೂ ತಾಗುವುದಿಲ್ಲ, ಗೇಟಿನಲ್ಲಿ ವಾಚ್‌ಮನ್ನನ ಪ್ರಶ್ನೆಗಳೂ ಇಲ್ಲ.

ಅತ್ತೆ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. “ಯಾಕ ದಶರಥ, ಅವರೇನು ಕದ್ದ ಮಾಲೇನು?”

“ನೀ ನಾಕು ದಿನ ಇದ್ದು ಹೋಗ್ತಿ ಅಕ್ಕಾ. ನಾವಿಲ್ಲಿ ದಿನಾ ಇರಬೇಕು” ಎಂದರು ಅಪ್ಪ.

ಅಪ್ಪನ ಮಾತಿನಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ. ಕಿಟಕಿಗಳು ತೆರೆದಿದ್ದವು, ಮೆಲ್ಲಗೆ ಮಾತಾಡು ಎಂದು ನಾನು ಅತ್ತೆಗೆ ಸನ್ನೆ ಮಾಡಿದೆ. ಅವಳು ನನ್ನನ್ನು ನೋಡಿದಳು. “ನೀನೂ ಏನವ್ವಾ?” ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

“ಊರಾಗ ನಮ್ಮವ್ವನ ಕೈಲೆ ಯಾರೂ ಒಂದು ಗುಟುಕು ನೀರು ಕುಡೀತಿದ್ದಿಲ್ಲ, ನಿನಗ ನೆಪ್ಪದನೋ ಇಲ್ಲೋ. ನನ್ನ ಮನಿಗಿ ಇವರು ನಡಕೋತ ಬಂದು, ಮಂದಿ ಎದುರು ಕುಂತು, ನಾ ಬಡಿದ ರೊಟ್ಟಿ ಉಣ್ತಾರ. ಮಂದಿ ನೋಡಬೇಕು ಅಂತನೇ ನಾ ಬಾಗಿಲ ತೆರೀತೀನಿ. ಇದನ್ನ ಮುಚ್ಚಿ ಇಡು ಅಂತೀಯಲ್ಲ, ಹಂಗಿದ್ರ ಅಡಗಿ ಯಾಕ ಮಾಡ್ಲಿ?”

ಅತ್ತೆ ಫೋನು ತೆಗೆದುಕೊಂಡು ಹಿರಿಯ ಭಂತೇಜಿಗೆ ಮುಖ್ಯ ಗೇಟಿನ ಗುರುತು ಹೇಳಿದಳು. ಆ ಗುರುತು ಇಡೀ ಮಹಡಿಗೆ ಕೇಳಿಸಿರಬೇಕು.

ಮರುದಿನ ಹತ್ತೂವರೆಗೆ ಮೂವರು ಭಂತೇಜಿಗಳು ರಿಕ್ಷಾದಿಂದ ಗೇಟಿನ ಮುಂದೆ ಇಳಿದರು. ಅತ್ತೆ ಕೋಲೂರಿಕೊಂಡು, ಬರಿಗಾಲಲ್ಲಿ, ಬಿಳಿ ಸೀರೆಯಲ್ಲಿ ನಿಂತಿದ್ದಳು. ನಾನು ಹೂವಿನ ತಟ್ಟೆ ಹಿಡಿದು ಅವಳ ಪಕ್ಕದಲ್ಲಿದ್ದೆ. ಅಪ್ಪ ಒಲೆ ನೋಡಿಕೊಳ್ಳುತ್ತೇನೆಂದು ಮೇಲೆಯೇ ಉಳಿದಿದ್ದರು. ಒಲೆಯ ಮೇಲೆ ಏನೂ ಇರಲಿಲ್ಲ. ಕೆಲಸವೇನೆಂದು ವಾಚ್‌ಮನ್ ಕೇಳಿದಾಗ ಅತ್ತೆ “ಭೋಜನದಾನ” ಎಂದಳು; ಅವನು ಅದನ್ನು ರಿಜಿಸ್ಟರಿನಲ್ಲಿ ಹಾಗೆಯೇ ಬರೆದುಕೊಂಡ. ಅಲ್ಲಿಂದ ಕ್ಲಬ್‌ಹೌಸಿನ ಮುಂದೆ, ಈಜುಕೊಳದ ಪಕ್ಕದಲ್ಲಿ ನಮ್ಮ ಮೆರವಣಿಗೆ. ಅತ್ತೆ ತ್ರಿಶರಣ ಎತ್ತಿದಳು. ನೀರಿನಲ್ಲಿದ್ದ ಮಕ್ಕಳು ಆಟ ನಿಲ್ಲಿಸಿ ನೋಡಿದರು. ಎರಡನೆಯ ಸಲ ಹೇಳುವಾಗ ಅವಳಿಗೆ ಉಸಿರು ಸಾಲಲಿಲ್ಲ, ಕಾಲು ನೋಯುತ್ತಿತ್ತು. ಅವಳು ಬಿಟ್ಟ ಕಡೆಯಿಂದ ನಾನು ಹೇಳಿದೆ. ನನ್ನ ದನಿ ಅಷ್ಟು ದೊಡ್ಡದಿರಬಹುದೆಂದು ನನಗೆ ಗೊತ್ತಿರಲಿಲ್ಲ.

ಭಂತೇಜಿಗಳ ಕಾಲನ್ನು ಮನೆಯ ಯಜಮಾನ ಹೊಸ್ತಿಲಿನ ಹೊರಗೇ ತೊಳೆಯಬೇಕು. ಅಪ್ಪ ತಂಬಿಗೆ ಹಿಡಿದು ಕಾರಿಡಾರಿನಲ್ಲಿ ಮಂಡಿಯೂರಿದ್ದಾಗ ಎದುರಿನ ಬಾಗಿಲು ತೆರೆಯಿತು. ಪ್ರಭಾ ಆಂಟಿ ಕೈಯಲ್ಲಿ ಚೀಲ ಹಿಡಿದು ಎಲ್ಲಿಗೋ ಹೊರಟಿದ್ದವರು ನಿಂತರು.

“ಇವತ್ತು ಏನು ವಿಶೇಷ? ಪೂಜೆ ಉಂಟಾ?”

ಅತ್ತೆ ಬಾಯಿ ತೆರೆಯುತ್ತಾಳೆಂದು ನಾನು ಕಾದೆ. ಅವಳು ತೆರೆಯಲಿಲ್ಲ. ನನ್ನ ಇಷ್ಟು ವರ್ಷಗಳಲ್ಲಿ ಯಾರಾದರೂ ಕೇಳಿದ ಪ್ರಶ್ನೆಗೆ ಅವಳು ಉತ್ತರ ಕೊಡದೆ ನಿಂತದ್ದು ಅದೊಂದೇ ಸಲ. ಕೋಲಿನ ಮೇಲೆ ಎರಡೂ ಕೈಯಿಟ್ಟು ತಮ್ಮನ ಬೆನ್ನನ್ನೇ ನೋಡುತ್ತಿದ್ದಳು. ತಂಬಿಗೆಯ ನೀರು ಹಿರಿಯ ಭಂತೇಜಿಯ ಪಾದದ ಮೇಲೆ ಬಿದ್ದು, ಹರಿದು, ನಿಂತಿತು.

“ಭೋಜನದಾನ. ನಾವು ಬೌದ್ಧರು” ಎಂದರು ಅಪ್ಪ, ತಲೆ ಎತ್ತಿ. “ಇವಳು ನಮ್ಮಕ್ಕ. ನನ್ನನ್ನು ಓದಿಸಿದವಳು.”

ಪ್ರಭಾ ಆಂಟಿ “ಹೌದಾ” ಎಂದರು. ಭಂತೇಜಿಗಳಿಗೆ ಕೈ ಮುಗಿದರೋ ಚೀಲ ಸರಿಪಡಿಸಿಕೊಂಡರೋ ತಿಳಿಯದ ಹಾಗೆ ಒಂದು ಸಲ ಕೈ ಆಡಿಸಿ, ಲಿಫ್ಟಿಗೆ ಹೋದರು. ಒಳಗೆ ಅತ್ತೆ ಬಡಿಸಿದಳು. ಬಾಗಿಲು ತೆರೆದೇ ಇತ್ತು. ಅದನ್ನು ಯಾರೂ ಮುಚ್ಚಲು ಹೋಗಲಿಲ್ಲ.

ಅವಳನ್ನು ನಾನು ಕೊನೆಯ ಸಲ ನೋಡಿದ್ದು ಆ ದೀಪಾವಳಿಯ ರಜೆಯಲ್ಲಿ, ಅವಳ ಕೋಣೆಯಲ್ಲಿ. ಹಾಸಿಗೆ ಹಿಡಿದಿದ್ದಳು, ದನಿ ಮಾತ್ರ ಹಿಡಿದಿರಲಿಲ್ಲ. ಎದುರು ಮನೆಯವಳು ಈಗ ಮಾತಾಡುತ್ತಾಳೋ ಎಂದು ಕೇಳಿದಳು. ಮೊದಲಿನಷ್ಟಿಲ್ಲ, ಸ್ವಲ್ಪ ಕಡಿಮೆ ಎಂದೆ. ಅವಳ ಹತ್ತಿರ ಸುಳ್ಳು ಹೇಳಲು ನನಗೆ ಆಗುತ್ತಿರಲಿಲ್ಲ. “ಹೋಗ್ಲಿ ಬಿಡು. ಮೊದಲು ಆಕಿ ಯಾರ ಜೋಡಿ ಮಾತಾಡ್ತಿದ್ದಳೋ ಏನೋ. ಈಗರ ನಿಮ್ಮ ಜೋಡಿ ಮಾತಾಡ್ತಾಳ” ಎಂದಳು.

ಚಳಿಗಾಲ ಮುಗಿಯುವ ಮೊದಲೇ ಹೋದಳು.

ಹೋದ ವರ್ಷದ ಬುದ್ಧಪೂರ್ಣಿಮೆಗೆ ರೊಟ್ಟಿ ನಾನೇ ಬಡಿದೆ, ಅಂಚು ಒಡೆದವು. ರಜೆಯ ಅರ್ಜಿಯಲ್ಲಿ ಕಾರಣವನ್ನು ಪೂರ್ತಿ ಬರೆದಿದ್ದೆ. ಭಂತೇಜಿಗಳು ಬರುವುದು ಹತ್ತೂವರೆಗೆ. ಒಂಬತ್ತಕ್ಕೆ ನೋಡಿದರೆ ಅಪ್ಪ ಮನೆಯಲ್ಲಿರಲಿಲ್ಲ. ಬಾಲ್ಕನಿಯಿಂದ ಬಗ್ಗಿ ನೋಡಿದೆ. ಬಿಳಿ ಅಂಗಿ, ಬಿಳಿ ಪೈಜಾಮ, ಬರಿಗಾಲು. ಮುಖ್ಯ ಗೇಟಿನ ನಟ್ಟನಡುವೆ, ಬಿಸಿಲಿನಲ್ಲಿ ನಿಂತಿದ್ದರು. ವಾಚ್‌ಮನ್ ಕುರ್ಚಿ ತಂದಿಟ್ಟರೂ ಕೂರಲಿಲ್ಲ. ಒಳಗೆ ಬರುವ, ಹೊರಗೆ ಹೋಗುವ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು, ಯಾರಾದರೂ ಒಬ್ಬರು ಕೇಳಲಿ ಎಂದು ಕಾಯುತ್ತಿರುವವರ ಹಾಗೆ.