ತಟ್ಟೆಯಲ್ಲಿ ಸತ್ತ ಬೂಷ್ಟು

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಬೂಷ್ಟಕ್ಕ ಎಂದೇ. ರೋಗಿಗಳ ಮೈಯಿಂದ ತೆಗೆದ ಬೂಷ್ಟನ್ನು ಗಾಜಿನ ತಟ್ಟೆಗಳಲ್ಲಿ ಬೆಳೆಸಿ, ಅದು ಯಾವ ಔಷಧಕ್ಕೆ ಸಾಯುತ್ತದೆಂದು ನೋಡುವುದು ಅವಳ ಕೆಲಸ. ಮನೆಯಲ್ಲಿ ಒಂದು ಗಿಡ ಬದುಕಿಸಲಾರದವಳು ಇಲ್ಲಿ ಬೂಷ್ಟನ್ನು ಮುದ್ದಾಗಿ ಸಾಕುತ್ತಾಳೆ ಎಂದು ತಮ್ಮ ರೇಗಿಸುತ್ತಿದ್ದ. ಅವನು ಶಾಲೆಯೊಂದರ ಮಾಲಿ. ಚಪ್ಪಲಿ ಹಾಕಿಕೋ ಎಂದರೆ ಮಣ್ಣಿಗೆ ಬೇಜಾರಾಗುತ್ತೆ ಎನ್ನುವ ಮೊಂಡ.

ತೋಟದ ಮುಳ್ಳೊಂದು ಅವನ ಕಾಲಿನ ಹೆಬ್ಬೆರಳಿಗೆ ಚುಚ್ಚಿ, ಮಣ್ಣಿನ ಬೂಷ್ಟನ್ನು ಒಳಗೆ ಬಿಟ್ಟಿತು. ಬೆರಳು ಊದಿ ಕಪ್ಪಾದಾಗ ಡಾಕ್ಟರು, ಈಗಲೇ ಬೆರಳು ತೆಗೆದರೆ ಕಾಲು ಉಳಿಯುತ್ತದೆ ಎಂದರು. ಅವನು ಅಕ್ಕನ ಮುಖ ನೋಡಿದ. ಬೂಷ್ಟಕ್ಕ ತಾನೇ ಪರೀಕ್ಷೆಗೆ ಕೂತಳು. ತಟ್ಟೆಯ ನಡುವೆ ಇಟ್ಟ ಔಷಧದ ಬಿಲ್ಲೆಯ ಸುತ್ತ, ಬೂಷ್ಟು ಒಂದೆಳೆಯೂ ಬೆಳೆಯದೆ, ಬಳೆಯಷ್ಟು ಜಾಗ ತೆರವಾಗಿತ್ತು. ನಂಬಿಕೆ ಬರದೆ ಮತ್ತೆ ಮಾಡಿದಳು; ಮತ್ತೆ ಅದೇ. ಸಂತೋಷಕ್ಕೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆರಳು ಕೊಡಬೇಡ, ಔಷಧ ಹಿಡಿಯುತ್ತೆ ಎಂದು ತಮ್ಮನಿಗೆ ಹೇಳಿದಳು. ಆಮೇಲೆ ಡಾಕ್ಟರು ಎಷ್ಟು ಹೇಳಿದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಔಷಧ ಹನಿಹನಿಯಾಗಿ ನರಕ್ಕೆ ಇಳಿಯುತ್ತಲೇ ಇತ್ತು. ಊತ ಮಾತ್ರ ಪಾದ ದಾಟಿ ಮೇಲೇರಿತು. ಪ್ರಮಾಣ ಹೆಚ್ಚಿಸಿದರು. ಅವನು ವಾಂತಿ ಮಾಡಿ ಮಾಡಿ ಕಡ್ಡಿಯಾದ. ತಟ್ಟೆಯಲ್ಲಿ ಸತ್ತದ್ದು ಕಾಲಲ್ಲಿ ಯಾಕೆ ಸಾಯುತ್ತಿಲ್ಲ ಎಂದು ಬೂಷ್ಟಕ್ಕನಿಗೆ ತಲೆ ಕೆಟ್ಟುಹೋಯಿತು. ಕೊನೆಗೆ ಡಾಕ್ಟರೇ ದಾರಿ ತೋರಿದರು: ಕೊಳೆತ ಮಾಂಸದೊಳಗೆ ರಕ್ತ ಹರಿಯುವುದಿಲ್ಲ, ಆಮ್ಲಜನಕ ಸಿಗುವುದಿಲ್ಲ, ಹಾಗೆಯೇ ಬೆಳೆಸಿ ನೋಡಿ ಎಂದರು. ಅವಳು ಅದೇ ಬೂಷ್ಟು, ಅದೇ ಔಷಧದ ತಟ್ಟೆಯನ್ನು ಮುಚ್ಚಳ ಬಿಗಿದ ಜಾಡಿಯಲ್ಲಿಟ್ಟಳು. ಜೊತೆಗೆ ಆಮ್ಲಜನಕ ಹೀರುವ ಪುಡಿಯ ಪೊಟ್ಟಣ.

ಜಾಡಿ ತೆರೆದಾಗ ಬೂಷ್ಟು ಬಿಲ್ಲೆಯ ಮೇಲೇ ಹತ್ತಿ ಕೂತಿತ್ತು. ಈ ಔಷಧಕ್ಕೆ ಕೊಲ್ಲಲು ಆಮ್ಲಜನಕ ಬೇಕು. ಈ ಹಾಳು ಬೂಷ್ಟಿಗೆ ಬದುಕಲು ಅಷ್ಟೇನೂ ಬೇಡ. ಇಷ್ಟು ವರ್ಷ ಅವಳು ತಟ್ಟೆಗಳನ್ನೆಲ್ಲ ಬೆಳೆಸಿದ್ದು ಬಯಲ ಗಾಳಿಯಲ್ಲಿ. ಹಣೆ ಹಣೆ ಚಚ್ಚಿಕೊಂಡಳು. ಅದರಿಂದ ಏನು ಬಂತು? ತಮ್ಮನ ಕಾಲನ್ನು ಕೈಯಾರೆ ಕಳೆದೆನೆಂಬ ಸಂಕಟ ಎದೆಯಲ್ಲಿ ಉಳಿಯಿತು.

ವಾರ್ಡಿನಲ್ಲಿ ತಮ್ಮ ಜ್ವರದ ಮಂಪರಿನಲ್ಲಿದ್ದ. ಅಕ್ಕ ಬಂದು ಹೇಳುವವರೆಗೂ ಯಾವುದಕ್ಕೂ ಒಪ್ಪುವುದಿಲ್ಲ ಎಂದು ಡಾಕ್ಟರ ಮುಂದೆ ಪಟ್ಟು ಹಿಡಿದಿದ್ದನಂತೆ.

“ಕತ್ತರಿಸ್ಲಿ ಬಿಡೋ,” ಎಂದಳು ಅವಳು.

“ನಿನ್ನ ತಟ್ಟೇಲಿ ಸತ್ತಿತ್ತಲ್ಲಕ್ಕ?”

“ತಟ್ಟೇಲಿ ಗಾಳಿ ಇತ್ತು ಕಣೋ. ನಿನ್ನ ಕಾಲೊಳಗೆ ಇಲ್ಲ. ನಂಗದು ಹೊಳೀಲೇ ಇಲ್ಲ.”

ಅವನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. “ಹೋಗ್ಲಿ ಬಿಡಕ್ಕ, ಹೆಬ್ಬೆರಳು ಇಲ್ದಿದ್ರೂ ತೋಟದ ಕೆಲ್ಸ ಮಾಡ್ಬೋದು,” ಎಂದು ಅವಳನ್ನೇ ಸಮಾಧಾನ ಮಾಡಿದ.

ಬೂಷ್ಟಕ್ಕ ಇಲ್ಲವೆಂದು ತಲೆಯಾಡಿಸಿದಳು. ಹೊದಿಕೆಯ ಮೇಲೆ, ಅವನ ಮಂಡಿಗಿಂತ ಒಂದು ಗೇಣು ಮೇಲೆ, ಅಂಗೈಯನ್ನು ಅಡ್ಡವಾಗಿ ಇಟ್ಟಳು.