ಎಮ್ಮೆಗೆ ಹೇಳಿದ ಮಾತು

ಪುಟ್ಟಲಕ್ಷ್ಮಮ್ಮನಿಗೆ ತಲೆ ಸರಿಯಿಲ್ಲವೆಂದು ನಾನು ಒಂದು ತಿಂಗಳು ನಂಬಿದ್ದೆ. 1998ರಲ್ಲಿ ಬೆಳಗೊಳದ ಶಾಲೆಗೆ ವರ್ಗವಾಗಿ ಬಂದು, ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ಬೆಳಿಗ್ಗೆ ಹಾಲು ಕರೆಯುತ್ತ ಆಕೆ ಎಮ್ಮೆಗೆ ಹೇಳುತ್ತಿದ್ದರು: "ಸಾರು ಒಲೆ ಮೇಲದೆ. ಬಿಸಿ ಮಾಡ್ಕಂಡು ಉಣ್ಣು. ನೀಲಿ ಸರ್ಟು ಒಗ್ದಿವ್ನಿ, ಒಣಗದೆ."

ನೀಲಿ ಶರ್ಟು ಹಾಕುವ ಎಮ್ಮೆಯನ್ನು ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ನಾನು ಕಂಡಿರಲಿಲ್ಲ. ಒಂದು ದಿನ ಗೋಡೆಯ ಮೇಲಿಂದ ಬಗ್ಗಿ ನೋಡಿದೆ. ಎಮ್ಮೆಯ ಆಚೆ, ಜಗಲಿಯ ಮೇಲೆ ಮಗ ನಾಗಾರ್ಜುನ ಕೂತಿದ್ದ. ಮಾತು ಅವನಿಗೆ. ಅವನು ತಾಯಿಯ ಜೊತೆ ಮಾತು ಬಿಟ್ಟು ಮೂರು ವರ್ಷವಾಗಿತ್ತು. ನೇರವಾಗಿ ಕರೆದರೆ ಎದ್ದು ಹೋಗುತ್ತಿದ್ದ. ಎಮ್ಮೆಗೆ ಹೇಳಿದರೆ ಕೇಳಿಸಿಕೊಳ್ಳುತ್ತಿದ್ದ.

ಕತೆ ಹೇಳಿದವನು ಹಾಲಿನ ಡೈರಿಯ ಕಾರ್ಯದರ್ಶಿ ಮಂಚಯ್ಯ. ಎಸ್ಸೆಸ್ಸೆಲ್ಸಿಯನ್ನು ಮೂರು ಸಲ ಕಟ್ಟಿದ್ದರಿಂದ ವಿದ್ಯೆಯ ವಿಷಯದಲ್ಲಿ ಊರಿಗೆ ಅವನದೇ ಕೊನೆಯ ಮಾತು.

1995ರಲ್ಲಿ ನಾಗಾರ್ಜುನನಿಗೆ ಸಿಇಟಿಯಲ್ಲಿ ಒಳ್ಳೆಯ ರ‍್ಯಾಂಕು ಬಂತು. ಬೆಂಗಳೂರು ಯೂನಿವರ್ಸಿಟಿಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್, ಇಲ್ಲವೇ ಮೈಸೂರು ಯೂನಿವರ್ಸಿಟಿಯ ಕಾಲೇಜಿನಲ್ಲಿ ಸಿವಿಲ್ ಸಿಗುವ ಅಂದಾಜಿತ್ತು. ಕೆಟ್ಟ ರೇಡಿಯೋ ಕಂಡರೆ ಬಿಚ್ಚಿಕೊಂಡು ಕೂರುವ ಹುಡುಗನ ಮನಸ್ಸು ಎಲ್ಲಿತ್ತೆಂದು ಊರಿಗೇ ಗೊತ್ತಿತ್ತು. ಆದರೆ ಬೆಂಗಳೂರಾದರೆ ಹಾಸ್ಟೆಲು. ಮೈಸೂರಾದರೆ ದಿನಾ ಬಸ್ಸು, ಸಂಜೆಗೆ ಮನೆ. ಗಂಡ ತೀರಿಹೋದ ಮೇಲೆ ಪುಟ್ಟಲಕ್ಷ್ಮಮ್ಮ ಒಂದು ಹೊತ್ತೂ ಒಬ್ಬರೇ ಕೂತು ಉಂಡವರಲ್ಲ.

"ಮೈಸೂರ್ದು ಮಾರಾಜ್ರು ಕಟ್ಸಿದ್ ಯೂನಿವರ್ಸಿಟಿ ಕಣ್ಲಾ. ಅದ್ರ ಮುಂದೆ ಬೆಂಗ್ಳೂರ್ದು ಯಾವ ಲೆಕ್ಕ?" ಎಂದು ಮಂಚಯ್ಯ ಹಾಲಿನ ಸಾಲಿನ ಮುಂದೆ ತೀರ್ಪು ಕೊಟ್ಟ.

"ಮಾರಾಜ್ರು ಬಂದು ರೇಡಿಯೋ ಕಲಿಸ್ತಾರ ಮಂಚಣ್ಣ?" ಅಂದ ನಾಗಾರ್ಜುನ.

ಕೊನೆಗೆ ತಾಯಿಯೇ, "ಮಾರಮ್ಮನ ತಾವ ಹೂವ ಕೇಳವ ಬುಡು" ಅಂದರು. ನಮ್ಮ ಕಡೆ ಇದು ಹಿಂದಿನಿಂದ ಬಂದದ್ದು. ಎರಡು ಹೂವನ್ನು ನೀರಿನಲ್ಲಿ ಅದ್ದಿ ದೇವರ ಕಲ್ಲಿಗೆ ಅಂಟಿಸುತ್ತಾರೆ. ಯಾವುದು ಮೊದಲು ಬೀಳುತ್ತದೋ ಅದೇ ಅಪ್ಪಣೆ. ಬಿಳಿ ಕಣಗಿಲೆ ಮೈಸೂರಿಗೆ, ಕೆಂಪು ಬೆಂಗಳೂರಿಗೆ. ಹೂ ತಂದದ್ದು ಪುಟ್ಟಲಕ್ಷ್ಮಮ್ಮ. ಅಂಟಿಸಿದ್ದು ಪೂಜಾರಿ ಸೋಮಯ್ಯ. ಬಿಳಿಯದು ಬಿತ್ತು. ದೇವರಿಗೆ ಎದುರಾಡದೆ ಹುಡುಗ ಮರುದಿನ ಬೆಂಗಳೂರಿನ ಕೌನ್ಸೆಲಿಂಗಿಗೆ ಹೋಗಿ, ಮೈಸೂರನ್ನು ಬರೆಸಿ ಬಂದ.

ಅವನು ಬಸ್ಸಿಳಿಯುವ ಹೊತ್ತಿಗೆ ಸೋಮಯ್ಯ ಡೈರಿ ಮುಂದೆ ನಗುತ್ತಿದ್ದ. "ಆ ಕೆಂಪು ಹೂವ ಇನ್ನೂವೆ ಬಿದ್ದಿಲ್ಲ ಕಣ್ರಲಾ. ಏನಪ್ಪಾ ಅಂತ ನೋಡುದ್ರೆ ಸುತ್ತ ಇರುವೆ ಸಾಲು. ಬೆಲ್ಲದ ಪಾಕ ಸವರ್ಕಂಡ್ ತಂದವ್ಳೆ ಪುಟ್ಟಲಕ್ಷ್ಮಮ್ಮ."

ಎಲ್ಲರೂ ನಕ್ಕರು. ಹಿಂದೆ ನಿಂತಿದ್ದ ಹುಡುಗನನ್ನು ಯಾರೂ ನೋಡಲಿಲ್ಲ.

ಮನೆಯಲ್ಲಿ ತಾಯಿ, "ಸೀಟು ಸಿಕ್ತೇನ್ಲಾ ಮಗ?" ಎಂದು ಕೇಳಿದರು. ಅವನು ಸೀಟಿನ ಕಾಗದವನ್ನು ಬೆಲ್ಲದ ಡಬ್ಬಿಯ ಮೇಲಿಟ್ಟು ಹೊರಗೆ ಬಂದ. ಆಮೇಲೆ ಮಾತಿಲ್ಲ.

ಎರಡು ವರ್ಷ ಬಸ್ಸಿನಲ್ಲಿ ಓಡಾಡಿದ. ಮನಸ್ಸಿಲ್ಲದ ಓದು; ಮತ್ತೆ ಮತ್ತೆ ಫೇಲಾಗಿ ಬಿಟ್ಟ. ಈಗ ಅದೇ ಡೈರಿಯಲ್ಲಿ ಹಾಲು ಅಳೆಯುತ್ತಾನೆ. ತಾಯಿಯ ಕ್ಯಾನು ಬಂದರೆ ಅಳೆದು, ಬರೆದು, ತಲೆ ಎತ್ತದೆ ವಾಪಸು ಕೊಡುತ್ತಾನೆ. ಆಕೆ ಒಂದು ಗಳಿಗೆ ಹೆಚ್ಚಾಗಿ ನಿಲ್ಲುತ್ತಾರೆ. ಹಿಂದಿನವರು "ಜರುಗಕ್ಕ" ಅನ್ನುತ್ತಾರೆ.

ನಾನು ಬಂದ ವರ್ಷವೇ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಿಗೆಲ್ಲ ಒಂದೇ ಹೊಸ ಯೂನಿವರ್ಸಿಟಿ ಬಂತು. ಮಂಚಯ್ಯ ಪೇಪರು ಮಡಿಸಿ, "ಎಲ್ಡೂ ಒಂದೇಯ ಅಂತ ನಾನ್ ಅವತ್ತೇ ಅಂದಿದ್ದೆ" ಅಂದ. ನಾಗಾರ್ಜುನ ಹಾಲು ಅಳೆಯುತ್ತಲೇ ಇದ್ದ.

ಆ ಸಂಜೆ ಪುಟ್ಟಲಕ್ಷ್ಮಮ್ಮ ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. ಮೇಷ್ಟ್ರಾದವನು ನಾಲ್ಕು ಮಾತು ಸಮಾಧಾನ ಹೇಳದಿದ್ದರೆ ಹೇಗೆಂದು ಹೋಗಿ ಕೇಳಿದೆ: "ಹೋಗಲಿ ಬಿಡಕ್ಕ. ಹೇಗೂ ಮಗ ಹತ್ತಿರದಲ್ಲೇ ಇದ್ದಾನಲ್ಲ, ನಿಮಗೆ ಬೇಕಾಗಿದ್ದೂ ಅದೇ ಅಲ್ಲವಾ?"

"ಎಮ್ಮೆನೂ ಅತ್ರದಲ್ಲೇ ಅದೆ ಮೇಷ್ಟ್ರೆ. ನಾನ್ ಕೂಗುದ್ರೆ ಅದು ತಿರುಗಾದ್ರೂ ನೋಡ್ತದೆ."