ಗಡಿಕಲ್ಲಿನ ಆಚೆ ಇಟ್ಟ ಕೋಳಿ

ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟತೊಡಗಿದಾಗ ನಾವು ಆ ಊರಿಗೆ ಬಂದೆವು. ತೊಂಬತ್ತರ ದಶಕದ ಕೊನೆ. ನಾನಿನ್ನೂ ಲಂಗ ಹಾಕುವ ಹುಡುಗಿ. ಅಪ್ಪ ಲೈನ್‌ಮನ್. ದಾವಣಗೆರೆ ಕಡೆಯಿಂದ ಮೊಳಕಾಲ್ಮೂರು ತಾಲೂಕಿಗೆ, ರಾಂಪುರದಿಂದ ಒಳಗೆ ಗುಡ್ಡಗಳ ನಡುವೆ ಇದ್ದ ಹಟ್ಟಿಗೆ ವರ್ಗವಾಗಿತ್ತು. ಸಾಮಾನು ಹೇರಿದ ಟೆಂಪೊದ ಮುಂದಿನ ಸೀಟಿನಲ್ಲಿ ಅವ್ವ ಕೂತಿದ್ದಳು. ತೊಡೆಯ ಮೇಲೆ ಒಂದು ಮಂಕ್ರಿ, ಅದರ ಮೇಲೆ ಹಳೆಯ ಸೀರೆಯ ತುಂಡು. ಒಳಗೆ ಮೊಟ್ಟೆಗಳ ಮೇಲೆ ಕಾವಿಗೆ ಕೂತ ಕೆಂಪು ಕೋಳಿ.

ಆ ಕೋಳಿಯ ವಿಷಯ ಹೇಳದೆ ಮುಂದಕ್ಕೆ ಹೋಗುವ ಹಾಗಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಅನ್ನುತ್ತಾರೆ. ನಮ್ಮಜ್ಜಿ ಕುಲಾವಿ ಹೊಲಿಸಲಿಲ್ಲ, ಕೋಳಿ ಸಾಕಿದಳು, ಬಾಣಂತಿ ಮಗಳಿಗೆ ಖಾರದ ಸಾರು ಮಾಡಿಕೊಡಲು. ನನ್ನ ತಮ್ಮ ಹುಟ್ಟಿದ. ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ ಹೋಗಿಬಿಟ್ಟ. ಗಂಡಸರು ಅವನನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಾಗ, ಹಸಿ ಬಾಣಂತಿ ಅಂತ ಅವ್ವನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಅವಳು ಅಳಲಿಲ್ಲ. ಆಮೇಲೂ ಅಳಲಿಲ್ಲ. ಅಪ್ಪ ಹೆದರಿದ್ದು ಅದಕ್ಕೇ. ಊರು ಬದಲಾದರೆ ಮನಸ್ಸೂ ಬದಲಾಗುತ್ತೆ ಎಂದು ಯಾರೋ ಹೇಳಿದ್ದರು, ಅವನು ಓಡಾಡಿ ವರ್ಗ ಮಾಡಿಸಿಕೊಂಡ. ಅಜ್ಜಿ ಉಳಿದ ಕೋಳಿಗಳನ್ನೆಲ್ಲ ಅವರಿವರಿಗೆ ಕೊಟ್ಟಳು. ಈ ಒಂದನ್ನು ಅವ್ವ ಬಿಡಲಿಲ್ಲ. ಕಾವಿಗೆ ಕೂತದ್ದನ್ನು ಎಬ್ಬಿಸಬಾರದು ಅಂದಳು, ಅಷ್ಟೇ.

ನಮಗೆ ಕೊಟ್ಟ ಮನೆ ಊರ ಬಾಯಲ್ಲೇ ಇತ್ತು, ನಲ್ಲಿಯ ಪಕ್ಕ. ಟೆಂಪೊ ನಿಂತದ್ದೇ ತಡ, ನೀರಿಗೆ ಬಂದಿದ್ದ ಹೆಂಗಸರೆಲ್ಲ ಬಿಂದಿಗೆ ಬಿಟ್ಟು ಸುತ್ತ ಸೇರಿದರು. ಅವ್ವ ನಾಚಿ ಹಿಂದೆ ಸರಿದಾಗ ಒಬ್ಬಳು, “ಬಾರವ್ವ ಬಾ, ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ!” ಅಂತ ನಗಾಡಿದಳು. ಇಬ್ಬರು ಟ್ರಂಕು ಹಿಡಿದರು. ಇನ್ನೊಬ್ಬಳು ಮಂಕ್ರಿಗೆ ಕೈ ಚಾಚಿದಳು. ಒಳಗಿನಿಂದ ಕೋಳಿ ಕೊಕ್ ಅಂದಿತು. ಅವಳು ಕೆಂಡ ಮುಟ್ಟಿದವಳಂತೆ ಕೈ ಎಳೆದುಕೊಂಡು ಉಳಿದವರಿಗೆ ತೆಲುಗಿನಲ್ಲಿ ಏನೋ ಅಂದಳು. ಟ್ರಂಕು ಅಂಗಳದಲ್ಲೇ ಇಳಿಯಿತು. ಸ್ವಲ್ಪ ಹೊತ್ತಿನಲ್ಲಿ ನಲ್ಲಿಯ ಹತ್ತಿರ ಒಬ್ಬರೂ ಇರಲಿಲ್ಲ.

ಸಂಜೆ ಒಬ್ಬ ಅಜ್ಜಿ ಬಂದಳು. ತಲೆಯೆಲ್ಲ ಬೆಳ್ಳಗೆ, ಸೊಂಟದಲ್ಲಿ ಕುಡುಗೋಲು. ಮನೆಯೊಳಗೆ ಬರದೆ ಎದುರಿನ ಹೊಂಗೆ ಮರದ ಕೆಳಗೇ ನಿಂತಳು.

“ನಮ್ಮ ಹಟ್ಟಿಯಾಗೆ ಕೋಳಿ ಸಾಕಂಗಿಲ್ಲ, ತಿನ್ನಂಗಿಲ್ಲ ತಾಯಿ. ನಮ್ಮ ದೇವ್ರಿಗೆ ಆಗಲ್ಲ. ದೇವ್ರಿಗೆ ಬಿಟ್ಟ ಎತ್ತು ಇದೇ ದಾರಿಯಾಗೆ ನೀರಿಗೆ ಬರ್ತಾವೆ. ನಿಮ್ಗೆ ಗೊತ್ತಿರ್ಲಿಲ್ಲ, ನಿಮ್ಮ ತಪ್ಪೇನೈತೆ? ಕಳಿಸಿಬಿಡ್ರಿ.”

ನಮ್ಮಪ್ಪ ಕಂಬದ ಮೇಲೆ ಹುಲಿ, ನೆಲದ ಮೇಲೆ ಇಲಿ. “ನಾಳೇನೇ ರಾಂಪುರದಾಗೆ ಯಾರಿಗಾನ ಕೊಟ್ಟು ಬರ್ತೀನಮ್ಮ” ಅಂದುಬಿಟ್ಟ.

“ಕಾವಿಗೆ ಕುಂತೈತೆ,” ಅಂದಳು ಅವ್ವ. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿ ಎಷ್ಟೋ ದಿನವಾಗಿತ್ತು. “ಮರಿ ಆಗೋವರ್ಗೂ ನಾನು ಎಬ್ಬಿಸಲ್ಲ. ಆಮ್ಯಾಲೆ ಏನಾರ ಮಾಡ್ರಿ.” ಹೇಳಿ ಬಾಗಿಲು ಹಾಕಿಕೊಂಡಳು.

ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ನಾನೂ ನಾಲ್ಕು ಮಾತು ಆಡುತ್ತಿದ್ದೆ. ಎತ್ತುಗಳನ್ನು ಗುಡ್ಡ ಸುತ್ತಿಸಿ ನೀರಿಗೆ ಒಯ್ದರು. ಅವ್ವ ಬಿಂದಿಗೆ ಹಿಡಿದು ಹೊರಟರೆ ನಲ್ಲಿಯ ಹತ್ತಿರ ಇದ್ದವರು ತಲೆ ತಗ್ಗಿಸಿ ಜಾಗ ಬಿಟ್ಟು ಹೋಗುತ್ತಿದ್ದರು. ಶಾಲೆಯಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಅಷ್ಟರಲ್ಲಿ ಹೊಂಗೆ ಎಲೆಯೆಲ್ಲ ಉದುರಿಸಿ ಎಳೆ ಹಸಿರು ಹೊದ್ದಿತು. ಬೇವು ಹೂ ಬಿಟ್ಟಿತು. ಆ ಕಲ್ಲುಗುಡ್ಡಗಳ ನಡುವೆ ಚಿಗುರಿಗೆ ಅಷ್ಟೊಂದು ಧೈರ್ಯ ಎಲ್ಲಿಂದ ಬರುತ್ತದೋ. ನನಗಂತೂ ಅದನ್ನು ನೋಡಿದರೆ ಮೈ ಉರಿಯುತ್ತಿತ್ತು. ಊರಿನ ಮೇಲೆ ಸಿಟ್ಟು, ಕೋಳಿಯ ಮೇಲೆ ಸಿಟ್ಟು, ಹುಟ್ಟಿ ಹೋದ ತಮ್ಮನ ಮೇಲೂ ಸಿಟ್ಟು.

ಹಟ್ಟಿಯ ಆ ಅಜ್ಜಿ ಮತ್ತೆ ಬಂದಳು. ಈ ಸಲ ಅಪ್ಪನನ್ನು ಬಿಟ್ಟು ನೇರ ಅವ್ವನ ಹತ್ತಿರವೇ ಮಾತಾಡಿದಳು. ಊರ ಗಡಿಕಲ್ಲಿನ ಆಚೆ ಒಂದು ಬಿದ್ದ ಗೋಡೆ ಐತೆ, ಅಲ್ಲಿ ಇಟ್ಟರೆ ದೇವರೂ ಏನೂ ಅನ್ನಲ್ಲ, ಊರೂ ಏನೂ ಅನ್ನಲ್ಲ ಅಂದಳು. “ನಾನೇ ಎಲ್ಲಾರ್ನೂ ಕೇಳಿ ಬಂದೀನಿ. ಮರಿ ಆಗ್ಲಿ ತಾಯಿ, ಯಾರು ಬ್ಯಾಡ ಅಂತಾರೆ.” ಅವಳಿಗೆ ನಮ್ಮ ಮಗುವಿನ ಸಂಗತಿ ಗೊತ್ತಾಗಿತ್ತೇನೋ. ಹಳ್ಳಿಯಲ್ಲಿ ಇಂಥದ್ದೆಲ್ಲ ಯಾರೂ ಹೇಳದೆಯೇ ಗೊತ್ತಾಗುತ್ತದೆ.

ಅವ್ವ ಒಪ್ಪಿದಳು. ಮಂಕ್ರಿ ಅಲುಗದ ಹಾಗೆ ಎದೆಗವಚಿಕೊಂಡು ತಾನೇ ನಡೆದಳು. ಅಪ್ಪ ಗೋಡೆಯ ಮೂಲೆಯಲ್ಲಿ ಕಲ್ಲು ಜೋಡಿಸಿ ಮೇಲೊಂದು ಚಪ್ಪಡಿ ಎಳೆದ. ಅಂದಿನಿಂದ ಬೆಳಿಗ್ಗೆ, ಸಂಜೆ ಅವ್ವ ಮಡಿಲಲ್ಲಿ ಹಿಡಿ ಜೋಳ ಕಟ್ಟಿಕೊಂಡು ಗಡಿಕಲ್ಲು ದಾಟುತ್ತಿದ್ದಳು. ಹಿಂದೆ ನಾನು. ದಾರಿಯಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಮಾತಾಡಿಸತೊಡಗಿದರು. “ಆಯ್ತೇನವ್ವ?” ಅಂತ ಕೇಳುತ್ತಿದ್ದರು. ಏನು ಆಯ್ತಾ ಅಂತ ಬಿಡಿಸಿ ಹೇಳುತ್ತಿರಲಿಲ್ಲ, ಕೋಳಿಯ ಹೆಸರನ್ನು ಹಾಗೆಲ್ಲ ಬಾಯಿಗೆ ತರಬಾರದೇನೋ.

ಯುಗಾದಿ ಹತ್ತಿರವಿದ್ದಾಗ ಒಂದು ಸಂಜೆ ಅವ್ವ ಒಂದು ಮೊಟ್ಟೆ ತೆಗೆದು ಕಿವಿಗೆ ಹಿಡಿದಳು. ಆಮೇಲೆ ನನ್ನ ಕಿವಿಗೆ ಹಿಡಿದಳು. “ಕೇಳಿಸ್ತಾ? ಒಳಗೆ ಕುಟ್ಟತೈತೆ!” ಅವಳು ನಕ್ಕಳು. ಅವಳ ಹಲ್ಲು ಕಂಡು ನನಗೆ ಅಳು ಬಂತು. ನಾಳೆ ಒಡೀತಾವೆ ಅನ್ನುತ್ತಾ ದಾರಿಯುದ್ದಕ್ಕೂ ಮಾತಾಡಿದಳು.

ಮರುದಿನ ಬೆಳಕು ಹರಿಯುವಷ್ಟರಲ್ಲಿ ಹೋದೆವು. ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ಜಾಲಿ ಮುಳ್ಳಿಗೆ ಕೆಂಪು ಪುಕ್ಕ ಸಿಕ್ಕಿಕೊಂಡಿತ್ತು. ಕಾಡುಬೆಕ್ಕೋ, ನರಿಯೋ. ಒಂದೆರಡು ಮೊಟ್ಟೆ ಒಡೆದು ಇನ್ನೇನು ಹೊರಬರಬೇಕಿದ್ದ ಮರಿಗಳ ಒದ್ದೆ ರೋಮ ಕಾಣುತ್ತಿತ್ತು. ಉಳಿದವು ಹಾಗೇ ಇದ್ದವು. ಅವ್ವ ಒಂದೊಂದನ್ನೇ ಎತ್ತಿ ಕಿವಿಗೆ ಹಿಡಿದು ಕೆಳಗಿಟ್ಟಳು. ಎಲ್ಲವೂ ಕಲ್ಲಿನಷ್ಟು ತಣ್ಣಗಿದ್ದವು.

ಸೌದೆಗೆ ಹೊರಟಿದ್ದ ಅಜ್ಜಿ ನಮ್ಮನ್ನು ಕಂಡು ಬಂದಳು. ನೋಡಿದಳು. ಕುಡುಗೋಲು ತೆಗೆದು ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಗುಂಡಿ ತೋಡತೊಡಗಿದಳು. ಗಟ್ಟಿ ನೆಲ, ತುಂಬ ಹೊತ್ತು ಹಿಡಿಯಿತು.

“ನಾ ಮುಟ್ಟಂಗಿಲ್ಲ. ನೀನೇ ಇಡು ತಾಯಿ.”

ಅವ್ವ ಒಡೆದವನ್ನೂ ಒಡೆಯದವನ್ನೂ ಇಟ್ಟಳು. “ಮಗೀನ ಮಣ್ಣಿಗೆ ನನ್ನ ಬಿಡ್ಲಿಲ್ಲ ಅಜ್ಜಿ,” ಅಂದಳು.

“ಈಗ ಹಾಕು. ನಿನ್ನ ಕೈಯಾಗೇ ಹಾಕು.”

ಅವ್ವ ಮಣ್ಣು ಹಾಕಿದಳು. ಆಮೇಲೆ ಅವಳು ಅತ್ತದ್ದನ್ನು ಬರೆಯಲು ನನಗೆ ಈಗಲೂ ಆಗುವುದಿಲ್ಲ. ಮುಟ್ಟಬಾರದಿದ್ದ ಅಜ್ಜಿ, ಮಣ್ಣು ಪುಕ್ಕ ಮೆತ್ತಿದ ಅವ್ವನ ಕೈಗಳನ್ನು ತನ್ನ ಮಡಿಲಿಗೆ ಎಳೆದುಕೊಂಡು ಕೂತಿದ್ದಳು.

ಹಾಗೆ ಮುಟ್ಟಿದ ಮೇಲೆ ಅಜ್ಜಿ ಮೈ ತೊಳೆಯದೆ ಊರೊಳಗೆ ಹೋಗುವಂತಿರಲಿಲ್ಲ. ನಲ್ಲಿಯ ಹತ್ತಿರ ಇದ್ದ ಹೆಂಗಸರು ವಿಷಯ ತಿಳಿದು ಬಿಂದಿಗೆಗಳನ್ನು ತುಂಬಿ ತುಂಬಿ ದೂರದಲ್ಲಿಟ್ಟು ಸರಿದರು. ಅಜ್ಜಿ ತನಗೆ ಮೊದಲು ಸುರಿದುಕೊಳ್ಳಲಿಲ್ಲ. ಅವ್ವನನ್ನು ಕಲ್ಲಿನ ಮೇಲೆ ಕೂರಿಸಿ, ಜಡೆ ಬಿಚ್ಚಿ, ನೆತ್ತಿ ಉಜ್ಜುತ್ತಾ ಒಂದಾದ ಮೇಲೆ ಒಂದು ಬಿಂದಿಗೆ ಸುರಿದಳು. ಬಾಣಂತಿಗೆ ಹೀಗೇ ನೀರು ಹಾಕುತ್ತಾರೆ. ಮಗು ಹೋದ ಮೇಲೆ ಅವ್ವನಿಗೆ ಯಾರೂ ಹಾಕಿರಲಿಲ್ಲ.